ಶುಂಠಿ ವಾಸನೆಯ ಸ್ವೆಟರ್

ಮಧ್ಯಾಹ್ನ ಎರಡು ಹೊಡೆದ ಕೂಡಲೇ ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು, ನಾಲ್ಕಕ್ಕೆ ಏಳುತ್ತಿದ್ದಳು. ಗೊರಕೆ ಹಿಡಿಯಲಿಕ್ಕೆ ಹತ್ತು ನಿಮಿಷ, ಏಳುವ ಮುಂಚೆ ಮಗ್ಗುಲು ಬದಲಾಯಿಸುತ್ತಾ ಗೊಣಗಲಿಕ್ಕೆ ಐದು ನಿಮಿಷ. ಅದನ್ನು ಕಳೆದರೆ ಹುಡುಗಿಗೆ ಸಿಗುತ್ತಿದ್ದುದು ಒಂದೂಮುಕ್ಕಾಲು ಗಂಟೆ. ಅಷ್ಟರೊಳಗೆ ಅವಳು ಬುಟ್ಟಿಯಿಂದ ಸ್ವೆಟರ್ ತೆಗೆದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬೆಳಿಗ್ಗೆ ದೊಡ್ಡಮ್ಮ ಹೆಣೆದದ್ದರಲ್ಲಿ ತಪ್ಪು ಹುಡುಕಿ, ಆ ತಪ್ಪಿನವರೆಗೂ ಬಿಚ್ಚಿ, ಮತ್ತೆ ಅಷ್ಟೇ ಸಾಲು ಹೆಣೆದು, ಬುಟ್ಟಿಯಲ್ಲಿ ಇದ್ದ ಹಾಗೇ ಇಟ್ಟು, ಏನೂ ಅರಿಯದವಳ ಹಾಗೆ ಶುಂಠಿ ಟೀ ಕುದಿಸುತ್ತಾ ನಿಂತಿರಬೇಕಿತ್ತು.

ಇದು ಶುರುವಾಗಿ ಐದು ವಾರವಾಗಿತ್ತು. ಐದು ವಾರದಿಂದ ಅವಳು ಕಿವಿಯನ್ನು ಮಲಗುವ ಕೋಣೆಯಲ್ಲಿಟ್ಟು, ಕಣ್ಣನ್ನು ಹೆಣಿಗೆಯ ಕುಣಿಕೆಗಳ ಮೇಲಿಟ್ಟು ಬದುಕುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಸೈಕಲ್ ಬೆಲ್ ಬಾರಿಸಿದರೂ ಸ್ವೆಟರನ್ನು ಮಡಿಲಲ್ಲಿ ಬಚ್ಚಿಡುತ್ತಿದ್ದಳು.

ಆ ಮನೆಯಲ್ಲಿ ಉಲ್ಲನ್ ತೊಡದ ವಸ್ತುವೇ ಇರಲಿಲ್ಲ. ಟೀ ಕೆಟಲಿಗೆ ಕೆಂಪು ಟೋಪಿ, ಗಾಜಿನ ಲೋಟಗಳಿಗೆ ಕೈ ಸುಡದಂತೆ ಪಟ್ಟೆಪಟ್ಟೆಯ ಅಂಗಿ, ಬಿಸಿನೀರಿನ ಫ್ಲಾಸ್ಕಿಗೆ ಎರಡು ಗುಂಡಿಯ ಕೋಟು. "ಈ ಮನೇಲಿ ಚಳಿ ಆಗೋದು ಮನುಷ್ಯರಿಗೆ ಮಾತ್ರ, ಪಾತ್ರೆಪಗಡೆಯೆಲ್ಲ ಬೆಚ್ಚಗಿವೆ" ಎಂದು ಮೇಲಿನ ಮಹಡಿಯ ನರ್ಸಮ್ಮ ಬಂದಾಗಲೆಲ್ಲ ನಗುತ್ತಿದ್ದಳು. ನಲವತ್ತು ವರ್ಷದಿಂದ ದೊಡ್ಡಮ್ಮ ಆ ಬೀದಿಯ ಅರ್ಧ ಜನರ ಎದೆ ಬೆಚ್ಚಗಿಟ್ಟಿದ್ದಳು. ಹೆಣಿಗೆಯ ಕಡ್ಡಿ ಹಿಡಿದರೆ ಕೆಳಗೆ ನೋಡುತ್ತಲೇ ಇರಲಿಲ್ಲ. ಬಂದವರ ಮುಖ ನೋಡಿಕೊಂಡು ಮಾತಾಡುತ್ತಿದ್ದರೆ ತೋಳು ತಾನಾಗಿ ಉದ್ದವಾಗುತ್ತಿತ್ತು.

ಹುಡುಗಿ ಅವಳ ತಂಗಿಯ ಮಗಳು. ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿ ಕೇಳಿದರೆ ಬಾಯೇ ಬರುತ್ತಿರಲಿಲ್ಲ. ಗೊತ್ತಿದ್ದದ್ದನ್ನೂ ಹೇಳುತ್ತಿರಲಿಲ್ಲ. ಏಳನೇ ಕ್ಲಾಸು ಮುಗಿಯುವುದರೊಳಗೆ ಶಾಲೆಯೂ ಸಾಕು, ಶಾಲೆಗೆ ಇವಳೂ ಸಾಕು ಎಂಬಂತಾಗಿ ದೊಡ್ಡಮ್ಮನ ಮನೆಗೆ ಬಂದಳು. "ಇವಳಿಗೆ ಬಾಯಿ ಅಲ್ಲ ಕಣೇ ಇರೋದು, ಮುಚ್ಚಳ" ಎಂದು ದೊಡ್ಡಮ್ಮ ಮೊದಲ ದಿನವೇ ಹೆಸರಿಟ್ಟಳು. ಅದೇ ನಿಂತಿತು. ಬೈಯುವಾಗಲೂ ಮುಚ್ಚಳ, ಮುದ್ದಿಗೂ ಮುಚ್ಚಳ. ಕಡ್ಡಿ ಹಿಡಿಸಿದವಳೂ ದೊಡ್ಡಮ್ಮನೇ. ತಪ್ಪಾದರೆ ಬಿಚ್ಚುವುದನ್ನು ಕಲಿಸಿದವಳೂ ಅವಳೇ. "ಬಿಚ್ಚಿದ ದಾರ ಸುಕ್ಕುಸುಕ್ಕಾಗಿರುತ್ತೆ ನೋಡು, ಅದಕ್ಕೆ ಹಳೇದು ಮರೆತಿರಲ್ಲ. ಹಾಗೇ ಹೆಣೆದ್ರೆ ಮುಖ ಗಂಟಿಕ್ಕಿಕೊಂಡ ಹಾಗೆ ಕಾಣುತ್ತೆ. ಸ್ವಲ್ಪ ಆವಿಗೆ ಹಿಡಿ, ಸಮಾಧಾನ ಆಗುತ್ತೆ."

ಕಳೆದ ಚಳಿಗಾಲದ ಕೊನೆಗೆ ಒಂದು ಬೆಳಿಗ್ಗೆ ದೊಡ್ಡಮ್ಮನ ಕೈಯಿಂದ ಟೀ ಲೋಟ ಜಾರಿತು. ಲೋಟದ ಜೊತೆಗೆ ಬಲಗೈಯೂ ಜಾರಿ ತೊಡೆಯ ಮೇಲೆ ಸತ್ತ ಮೀನಿನ ಹಾಗೆ ಬಿತ್ತು. ಆಸ್ಪತ್ರೆ, ಮಾತ್ರೆ, ಎಣ್ಣೆ ನೀವುವುದು ಎಲ್ಲ ಆಗಿ ಕೈ ಎದ್ದಿತು, ಆದರೆ ಎರಡು ಬೆರಳು ಮರಗಟ್ಟಿಕೊಂಡೇ ಉಳಿದವು. ನಾಲ್ಕು ತಿಂಗಳು ಕಡ್ಡಿ ಮುಟ್ಟದೆ ಕಿಟಕಿಯ ಪಕ್ಕ ಕೂತಳು. ಕೊನೆಗೆ ನರ್ಸಮ್ಮನೇ ಬೂದು ಬಣ್ಣದ ಉಲ್ಲನ್ ತಂದು ತೊಡೆಯ ಮೇಲೆ ಹಾಕಿ, "ಅಕ್ಕಾ, ಚಳಿ ಬರೋದ್ರೊಳಗೆ ನನಗೊಂದು ಸ್ವೆಟರ್ ಬೇಕು, ನೀವೇ ಮಾಡಬೇಕು" ಎಂದಳು.

ಮೊದಲ ದಿನ ದೊಡ್ಡಮ್ಮ ನಾಲ್ಕು ಸಾಲು ಹೆಣೆದಳು. ಹೆಣೆದು, "ನೋಡೇ, ನೋಡೇ ಮುಚ್ಚಳ, ಬಂತು!" ಎಂದು ಕೂಗಿ, ಎರಡು ಲೋಟ ಟೀ ಕುಡಿದು, ಗೆದ್ದವಳ ಹಾಗೆ ಮಲಗಿದಳು. ಹುಡುಗಿ ನೋಡಿದಳು. ನಡುವೆ ಒಂದು ಕುಣಿಕೆ ಬಿಟ್ಟು ಹೋಗಿ ಕೆಳಗಿನ ಸಾಲಿನವರೆಗೂ ಏಣಿಯಂತೆ ಸೀಳಿತ್ತು. ಉಲ್ಟಾ ಕುಣಿಕೆ ಹಾಕಬೇಕಾದಲ್ಲಿ ಸೀದಾ ಬಿದ್ದಿತ್ತು. ಒಂದು ಕಡೆ ದಾರವೇ ಎರಡಾಗಿ ಸಿಗಿದು, ಅರ್ಧ ದಾರ ಮಾತ್ರ ಕಡ್ಡಿಗೆ ಏರಿತ್ತು. ಅಷ್ಟು ಸಂತೋಷಪಟ್ಟ ಮುಖಕ್ಕೆ ಇದನ್ನು ಹೇಳುವುದು ಹೇಗೆ? ಹುಡುಗಿಯ ಬಾಯಿ ಎಂದಿನಂತೆ ಮುಚ್ಚಿಕೊಂಡಿತು, ಕೈ ಮಾತ್ರ ಸುಮ್ಮನಿರಲಿಲ್ಲ. ಬಿಚ್ಚಿದಳು. ಶುಂಠಿ ಟೀಗೆ ಇಟ್ಟ ಕೆಟಲಿನ ಮೂತಿಯಿಂದ ಬರುವ ಆವಿಗೆ ಸುಕ್ಕಿದ ದಾರ ಹಿಡಿದು, ಬೀಸಿ ಆರಿಸಿ, ಹೆಣೆದಳು. ಮಾರನೇ ದಿನವೂ ಅದೇ. ಆಮೇಲೆ ದಿನಾ ಅದೇ.

ದೊಡ್ಡಮ್ಮ ಏನೂ ಹೇಳಲಿಲ್ಲ. ಅವಳಿಗೆ ಗೊತ್ತಾಗಿಲ್ಲ ಎಂದೇ ಹುಡುಗಿ ನಂಬಿದ್ದಳು.

ಸೋಮವಾರ ಸಂಜೆ ನರ್ಸಮ್ಮ ಡ್ಯೂಟಿ ಮುಗಿಸಿ ಇಳಿದು ಬಂದಳು. ಹುಡುಗಿ ಒಳಗೆ ಶುಂಠಿ ಜಜ್ಜುತ್ತಿದ್ದಳು. ಹೊರಗೆ ಮಾತು ಇದ್ದಕ್ಕಿದ್ದಂತೆ ತಗ್ಗಿತು. ತಗ್ಗಿದ ಮಾತಿಗೇ ಕಿವಿ ಹೆಚ್ಚು ನೆಟ್ಟಗಾಗುವುದು. ಹುಡುಗಿ ಕುಟ್ಟಾಣಿಯನ್ನು ಸದ್ದಿಲ್ಲದೆ ಕೆಳಗಿಟ್ಟಳು.

"ನಗಬೇಡ ಮತ್ತೆ" ಎಂದು ದೊಡ್ಡಮ್ಮ ಶುರುಮಾಡಿದಳು. "ನನ್ನ ತಲೆ ಕೆಡ್ತಾ ಇದೆ."

"ಹೊಸದೇನಿದೆ ಅದ್ರಲ್ಲಿ?"

"ತಮಾಷೆ ಅಲ್ಲ ಕಣೇ. ಬೆಳಿಗ್ಗೆ ಹೆಣೀತೀನಿ, ತಪ್ಪಾಗುತ್ತೆ. ತಪ್ಪು ಕಾಣುತ್ತೆ ನಂಗೆ, ಕುರುಡಿಯಲ್ಲ. ಕೈ ಸೋತಿರುತ್ತೆ, ನಾಳೆ ಬಿಚ್ಚಿದರಾಯ್ತು ಅಂತ ಇಡ್ತೀನಿ. ಮಾರನೇ ದಿನ ತೆಗೆದ್ರೆ ತಪ್ಪೇ ಇಲ್ಲ! ಹದಿನಾಲ್ಕನೇ ಸಾಲು, ಎಡಗಡೆಯಿಂದ ಒಂಬತ್ತನೇ ಕುಣಿಕೆ ಅಂತ ಮಲಗುವಾಗ ಹೇಳ್ಕೊಂಡೇ ಮಲಗಿರ್ತೀನಿ. ಎದ್ದು ನೋಡಿದ್ರೆ ಗೆರೆ ಎಳೆದ ಹಾಗಿರುತ್ತೆ. ಒಂದು ದಿನ ಅಲ್ಲ, ಒಂದು ತಿಂಗಳಿಂದ."

"ಕನಸು ಬಿದ್ದಿರಬೇಕು ಅಕ್ಕ."

"ಆಗದೇ ಇರೋದು ಆಗಿದೆ ಅಂತ ಅನ್ನಿಸೋದಕ್ಕೆ ಏನಂತಾರೆ? ನಮ್ಮಮ್ಮ ಕೊನೇಲಿ ಹಾಗೇ ಮಾಡ್ತಿದ್ಲು, ಇಲ್ಲದ ಕರು ಹುಡುಕ್ತಿದ್ಲು. ಇನ್ನೊಂದು ಹೇಳ್ತೀನಿ, ಯಾರಿಗೂ ಹೇಳಬೇಡ. ಮೂಗೂ ಹೋಗಿದೆ. ಆ ಉಲ್ಲನ್ ಮೂಸಿದ್ರೆ ಶುಂಠಿ ವಾಸನೆ ಬರುತ್ತೆ."

ನರ್ಸಮ್ಮ ಈ ಸಲ ನಗಲಿಲ್ಲ. ದನಿ ಇನ್ನಷ್ಟು ತಗ್ಗಿಸಿ ಹೇಳಿದಳು, "ಗುರುವಾರ ನೆನಪಿನ ಡಾಕ್ಟರು ನಮ್ಮ ಆಸ್ಪತ್ರೆಗೆ ಬರ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ. ಸುಮ್ಮನೆ ತೋರ್ಸೋಣ."

"ತೋರ್ಸೋಣ. ಆದ್ರೆ ಹೌದು ಅಂದ್ರೆ ಆ ಕಡ್ಡಿ ಬುಟ್ಟಿನೆಲ್ಲ ತೆಗೆದುಕೊಂಡು ಹೋಗಿಬಿಡು. ತಲೆ ಹೋದವಳು ಕಣ್ಣೆದುರಿಗೆ ಉಲ್ಲನ್ ಇಟ್ಕೊಂಡು ಏನು ಮಾಡಲಿ? ನಮ್ಮ ಮುಚ್ಚಳಕ್ಕೆ ಈಗಲೇ ಹೇಳಬೇಡ. ಹೆದರಿಕೊಳ್ಳುತ್ತೆ ಪಾಪ."

ಒಲೆಯ ಮೇಲೆ ಹಾಲು ಉಕ್ಕಿ, ಬರ್ನರ್ ಆರಿ, ಸುಟ್ಟ ವಾಸನೆ ಹೊರಗಿನವರೆಗೂ ಹೋಯಿತು. "ಏನೇ ಅದು, ನಿದ್ದೆ ಮಾಡ್ತಿದ್ದೀಯಾ?" ಎಂದು ದೊಡ್ಡಮ್ಮ ಕೂಗಿದಳು. ಹುಡುಗಿ ಉಳಿದ ಹಾಲಿನಲ್ಲಿ ಟೀ ಮಾಡಿ, ಲೋಟಗಳಿಗೆ ಅಂಗಿ ತೊಡಿಸಿ ಹೊರಗೆ ತಂದಳು. ಸಕ್ಕರೆ ಹಾಕಿರಲಿಲ್ಲ. ಇಬ್ಬರೂ ಅದನ್ನು ಹೇಳದೆ ಕುಡಿದರು. ಅವರ ಮನಸ್ಸೂ ಟೀ ಮೇಲಿರಲಿಲ್ಲ.

ಆ ರಾತ್ರಿ ಹುಡುಗಿ ತಟ್ಟೆಯ ಅನ್ನವನ್ನು ಕಲಸುತ್ತಲೇ ಕೂತಳು. ಹೇಳಿಬಿಟ್ಟರೆ ಮುಗಿಯಿತು; ತಲೆ ಸರಿಯಿದೆ ಎಂದಾಗುತ್ತದೆ. ಆದರೆ ಹಾಗೆ ಹೇಳಿದ ಮರುಕ್ಷಣವೇ ಕೈ ಸರಿಯಿಲ್ಲ ಎಂದೂ ಹೇಳಿದಂತಾಗುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವುದು. ಅದರ ಮೇಲೆ, ದೊಡ್ಡಮ್ಮನ ಹೆಣಿಗೆಯನ್ನು ಅವಳು ಮಲಗಿದ್ದಾಗ ಕದ್ದು ಬಿಚ್ಚಿದವಳು ಎಂಬುದು ಬೇರೆ. ಯೋಚನೆ ಮಾಡಿಮಾಡಿ ಹುಡುಗಿ ಒಂದು ಉಪಾಯ ಕಂಡುಕೊಂಡಳು: ಇನ್ನು ಮುಟ್ಟುವುದೇ ಬೇಡ. ತಪ್ಪು ತಪ್ಪಾಗಿಯೇ ಇದ್ದರೆ ದೊಡ್ಡಮ್ಮನಿಗೆ ತಾನಾಗಿ ಸಮಾಧಾನವಾಗುತ್ತದೆ.

ಮಂಗಳವಾರ ಎರಡರಿಂದ ನಾಲ್ಕರವರೆಗೆ ಅವಳು ಬುಟ್ಟಿ ಮುಟ್ಟಲಿಲ್ಲ. ಮುಟ್ಟದೇ ಇರುವುದು ಮುಟ್ಟುವುದಕ್ಕಿಂತ ಕಷ್ಟವಾಯಿತು. ಕಾಲು ಒಂದು ಕಡೆ ನಿಲ್ಲಲಿಲ್ಲ. ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಕೆಟಲಿನ ಟೋಪಿ ತಿರುಗಿಸಿ ಹಾಕಿದಳು, ಮತ್ತೆ ಸರಿಮಾಡಿದಳು. ಕೊನೆಗೆ ಬುಟ್ಟಿಯ ಹತ್ತಿರ ಹೋಗಿ, ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದಳು. ಮೂರು ತಪ್ಪು. ಬೆರಳ ತುದಿಗಳು ಇರುವೆ ಕಚ್ಚಿದ ಹಾಗೆ ಜುಮ್ಮೆಂದವು.

ಬುಧವಾರ ಬೆಳಿಗ್ಗೆ ದೊಡ್ಡಮ್ಮ ಸ್ವೆಟರ್ ಬಿಡಿಸಿದಳು. ಬಿಡಿಸಿ ಬಹಳ ಹೊತ್ತು ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಹುಡುಗಿ ನೆಲ ಒರೆಸುವ ನೆಪದಲ್ಲಿ ಒಂದೇ ಜಾಗವನ್ನು ಮೂರನೇ ಸಲ ಒರೆಸುತ್ತಿದ್ದಳು.

"ಇವತ್ತು ಇವೆ" ಎಂದಳು ದೊಡ್ಡಮ್ಮ, ತನ್ನಷ್ಟಕ್ಕೇ.

"ಏನು ದೊಡ್ಡಮ್ಮ?"

"ಏನಿಲ್ಲ. ಕೆಲವು ದಿನ ಇರ್ತವೆ, ಕೆಲವು ದಿನ ಇರಲ್ಲ." ಅವಳು ಸ್ವೆಟರನ್ನು ಮಡಿಸಿ, ಒಂದೂ ಸಾಲು ಹೆಣೆಯದೆ, ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. ಆ ಬಟ್ಟೆಯನ್ನು ನಾಲ್ಕು ಮೂಲೆಯಲ್ಲೂ ಒಳಗೆ ಸಿಕ್ಕಿಸಿದ ರೀತಿ ನೋಡಿ ಹುಡುಗಿಗೆ ಗೊತ್ತಾಯಿತು. ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದ್ದಳು.

ಆ ದಿನ ಹೇಳಬೇಕೆಂದು ಎಷ್ಟು ಸಲ ಹೊರಟಳೋ. ತಲೆಗೆ ಎಣ್ಣೆ ಹಚ್ಚುವಾಗ ಹೇಳೋಣವೆಂದರೆ ದೊಡ್ಡಮ್ಮ ಕಣ್ಣು ಮುಚ್ಚಿದ್ದಳು. ಟೀ ಕೊಡುವಾಗ ಹೇಳೋಣವೆಂದು ಲೋಟ ಚಾಚಿ ನಿಂತಳು. "ಏನೇ, ಕೊಡ್ತೀಯೋ ಇಲ್ಲ ಅದರ ಜೊತೆ ನಿನ್ನ ಫೋಟೋ ತೆಗೀಬೇಕೋ?" ಎಂದು ದೊಡ್ಡಮ್ಮ ಕೇಳಿದಳು. ಲೋಟ ಕೊಟ್ಟು ಓಡಿದಳು. ಅಡುಗೆಮನೆಯ ಗೋಡೆಗೆ ಮುಖಮಾಡಿ ಮಾತನ್ನು ಅಭ್ಯಾಸ ಮಾಡಿದಳು: ದೊಡ್ಡಮ್ಮ, ನಿನ್ನ ತಲೆ ಸರಿ ಇದೆ. ಗೋಡೆಯ ಎದುರು ಸರಾಗವಾಗಿ ಬಂತು. ಹೊಸ್ತಿಲು ದಾಟಿದರೆ ನಾಲಿಗೆ ಒಣ ಹಂಚಿನ ಹಾಗಾಯಿತು.

ಗುರುವಾರ ಒಂಬತ್ತಕ್ಕೆ ನರ್ಸಮ್ಮ ಚೀಲ ಹೆಗಲಿಗೇರಿಸಿ ಇಳಿದು ಬಂದಳು. ದೊಡ್ಡಮ್ಮ ಒಳ್ಳೆ ಸೀರೆ ಉಟ್ಟು, ಪರೀಕ್ಷೆಗೆ ಹೊರಟ ಮಗುವಿನ ಹಾಗೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಒಂದು ಕಾಲಿಗೆ ಚಪ್ಪಲಿ ಹಾಕಿಯಾಗಿತ್ತು. "ಡಾಕ್ಟ್ರು ಏನು ಕೇಳ್ತಾರೆ?" ಎಂದು ವಿಚಾರಿಸುತ್ತಿದ್ದಳು. "ಇವತ್ತು ಯಾವ ವಾರ ಅಂತಾನಾ? ಗುರುವಾರ. ನಿನ್ನೆ ಏನು ತಿಂದೆ ಅಂತಾನಾ? ಅದನ್ನ ಇವಳನ್ನ ಕೇಳಲಿ, ಉಪ್ಪು ಹಾಕಿದ್ಲೋ ಇಲ್ವೋ ನಂಗೇ ಗೊತ್ತಾಗಲಿಲ್ಲ." ನಗುತ್ತಿದ್ದಳು, ಆದರೆ ಇನ್ನೊಂದು ಚಪ್ಪಲಿಗೆ ಕಾಲು ಸಿಗುತ್ತಿರಲಿಲ್ಲ.

ಹುಡುಗಿ ಬಗ್ಗಿ ಚಪ್ಪಲಿ ಹಿಡಿದಳು. ಹಾಕಲಿಲ್ಲ. ಹಿಡಿದುಕೊಂಡೇ ಕೂತಳು.

"ಅದನ್ನ ನಾನು ಬಿಚ್ಚಿದ್ದು" ಎಂದಳು ಚಪ್ಪಲಿಗೆ.

"ಏನನ್ನ? ಬಾರು ಕಿತ್ತು ಹೋಯ್ತಾ?"

"ಸ್ವೆಟರ್. ನೀನು ಮಲಗಿದಾಗ. ದಿನಾ. ಬಿಚ್ಚಿ, ಮತ್ತೆ ಹೆಣೆದು ಇಡ್ತಿದ್ದೆ. ಮಂಗಳವಾರ ಬಿಚ್ಚಲಿಲ್ಲ, ಅದಕ್ಕೇ ಇದ್ದವು. ಶುಂಠಿ ವಾಸನೆ ಕೆಟಲಿಂದು. ದಾರಾನ ಆವಿಗೆ ಹಿಡಿದಿದ್ದೆ."

ಅಷ್ಟು ಉದ್ದದ ಮಾತು ಆ ಬಾಯಿಂದ ಆ ಮನೆಯಲ್ಲಿ ಮೊದಲನೇ ಸಲ ಬಂದದ್ದು. ನರ್ಸಮ್ಮ ಹೆಗಲಿನ ಚೀಲವನ್ನು ನಿಧಾನವಾಗಿ ಬೆಂಚಿನ ಮೇಲಿಟ್ಟಳು.

ದೊಡ್ಡಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. "ಹದಿನಾಲ್ಕನೇ ಸಾಲು" ಎಂದಳು.

"ಎಡಗಡೆಯಿಂದ ಒಂಬತ್ತನೇದು. ಕುಣಿಕೆ ಬಿಟ್ಟು ಹೋಗಿತ್ತು."

"ಅದಾದ ಮೇಲೆ ಕಂಕುಳ ಹತ್ತಿರ?"

"ನೀನು ಎರಡು ಕುಣಿಕೆ ಒಟ್ಟಿಗೆ ಹೆಣೆದಿದ್ದೆ."

"ಹೋದ ಶನಿವಾರ?"

"ದಾರ ಸಿಗಿದಿತ್ತು. ಆಮೇಲೆ ಒಂದು ಉಲ್ಟಾ ಸೀದಾ ಆಗಿತ್ತು."

"ಹೌದು" ಎಂದಳು ದೊಡ್ಡಮ್ಮ. "ಹೌದು, ಹೌದು. ಆಗಿತ್ತು!" ಅವಳು ನರ್ಸಮ್ಮನ ತೋಳು ಹಿಡಿದು ಅಲ್ಲಾಡಿಸಿದಳು. "ಕೇಳಿದೆಯೇನೇ? ಆಗಿತ್ತಂತೆ! ನನ್ನ ತಲೆ ಕಲ್ಲಿನ ಹಾಗಿದೆ ಕಣೇ!" ಎದೆಯಿಂದ ಒಂದು ಉಸಿರು ಬಂತು, ಐದು ವಾರದ್ದೆಲ್ಲ ಸೇರಿದಷ್ಟು ದೊಡ್ಡದು. ನಕ್ಕಳು. ನಗುತ್ತಾ ನಗುತ್ತಾ ನಿಂತಳು, ನಿಂತವಳ ನಗು ಅಲ್ಲೇ ನಿಂತಿತು.

"ಯಾರು ಹೇಳಿದ್ರು ನಿನಗೆ?"

ಹುಡುಗಿ ಚಪ್ಪಲಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು.

"ನಿನ್ನನ್ನ ಕೇಳ್ತಿರೋದು. ನನ್ನ ಕೈಕೆಲಸ ಬಿಚ್ಚು ಅಂತ ಯಾರು ಹೇಳಿದ್ರು? ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ! ನಮ್ಮಮ್ಮನ ಹಾಗೆ ಆಗ್ತೀನಿ ಅಂತ ಗೋಡೆ ನೋಡ್ಕೊಂಡು ಬಿದ್ದಿರ್ತಿದ್ದೆ. ನೀನು ಪಕ್ಕದಲ್ಲಿ ಟೀ ಕಾಸ್ತಿದ್ದೆ!"

"ಅಕ್ಕಾ, ಬಿಡಿ, ಮಗು ಒಳ್ಳೇದಕ್ಕೇ..." ಎಂದಳು ನರ್ಸಮ್ಮ.

"ನೀನು ಸುಮ್ಮನಿರು. ಅಂದ್ರೆ ತಲೆ ಸರಿ ಇದೆ, ಕೈ ಹೋಗಿದೆ. ಅದೇ ತಾನೆ? ಹೇಳು. ಬಾಯಿ ಬಂದಿದೆಯಲ್ಲ ಈಗ, ಹೇಳು. ನನ್ನ ಕೈ ಹೋಗಿದೆಯಾ?"

ಇದೇ ಮಾತಿಗೆ ಹುಡುಗಿ ಮೂರು ದಿನದಿಂದ ಹೆದರಿದ್ದಳು. ಆದರೆ ಕೇಳಿದ ಕ್ಷಣ ಉತ್ತರ ಎದುರಿಗೇ ಇತ್ತು, ತಾನೇ ಇಷ್ಟು ದಿನ ನೋಡದೆ ಪಕ್ಕಕ್ಕೆ ಸರಿಸಿದ್ದಂತೆ.

"ಮೊದಲನೇ ವಾರ ನಂಗೆ ಹೊತ್ತೇ ಸಾಲ್ತಿರಲಿಲ್ಲ" ಎಂದಳು. "ಒಂದೊಂದು ದಿನ ಹನ್ನೊಂದು ತಪ್ಪು. ನಾಲ್ಕು ಹೊಡೆದ್ರೂ ಮುಗೀತಿರಲಿಲ್ಲ, ಅರ್ಧ ತಪ್ಪು ಹಾಗೇ ಬಿಟ್ಟು ಮಾರನೇ ದಿನ ಮಾಡ್ತಿದ್ದೆ. ಆಮೇಲೆ ಏಳು, ಎಂಟು. ಈಗ ಎರಡೋ ಮೂರೋ. ಹೋದ ವಾರ ಮೂರು ಗಂಟೆಗೇ ಮುಗಿದು ನಾನೂ ಒಂದು ಲೋಟ ಟೀ ಕುಡಿದೆ."

ಮೇಲಿನ ಮಹಡಿಯಲ್ಲಿ ಯಾರೋ ಬಕೆಟ್ ಎಳೆದರು.

"ಹನ್ನೊಂದಾ?" ಎಂದಳು ದೊಡ್ಡಮ್ಮ.

"ಹೂಂ."

"ಈಗ ಎರಡು?"

"ಎರಡು. ಮೂರು."

"ತೋರಿಸು."

ಹುಡುಗಿ ತಲೆ ತಗ್ಗಿಸಿದಳು. ತೋರಿಸಲಿಕ್ಕೆ ಏನಿತ್ತು? ಹನ್ನೊಂದೂ ಹೋಗಿತ್ತು, ಏಳೂ ಹೋಗಿತ್ತು. ಬೂದು ಸ್ವೆಟರಿನ ಬೆನ್ನು, ಎದೆ, ಅರ್ಧ ತೋಳು ಎಲ್ಲ ಒಂದೇ ಸಮ ನಯವಾಗಿತ್ತು. ದೊಡ್ಡಮ್ಮನ ಕೈ ದಿನದಿಂದ ದಿನಕ್ಕೆ ಹೇಗೆ ಎದ್ದು ಬಂತು ಎಂಬುದರ ಒಂದು ಗುರುತೂ ಅದರಲ್ಲಿ ಉಳಿದಿರಲಿಲ್ಲ. ಅದನ್ನು ನೋಡಿದ್ದವಳು ಒಬ್ಬಳೇ, ಅವಳೇ ಅಳಿಸಿದ್ದಳು.

"ಎಲ್ಲಾ ಬಿಚ್ಚಿದ್ದೀನಿ" ಎಂದಳು. ಈಗ ಕಣ್ಣಲ್ಲಿ ನೀರು ಬಂತು.

"ಒಳ್ಳೇ ಸಾಕ್ಷಿ! ನಾನು ನಂಬೋದು ಹೇಗೆ?"

ನರ್ಸಮ್ಮ ಗಡಿಯಾರ ನೋಡಿದಳು. "ಅಕ್ಕಾ, ಹೋಗೋದೋ ಬೇಡವೋ? ಡಾಕ್ಟ್ರು ಹನ್ನೊಂದಕ್ಕೆ ಹೊರಟುಬಿಡ್ತಾರೆ."

"ತಲೆ ಡಾಕ್ಟ್ರು ನಂಗ್ಯಾಕೆ? ಕೈ ಡಾಕ್ಟ್ರು ಯಾವತ್ತು ಬರ್ತಾರೆ ಕೇಳಿಕೊಂಡು ಬಾ." ದೊಡ್ಡಮ್ಮ ಹಾಕಿದ್ದ ಒಂದು ಚಪ್ಪಲಿಯನ್ನೂ ಒದರಿ ಮತ್ತೆ ಬೆಂಚಿನ ಮೇಲೆ ಕೂತಳು. "ಏ, ಬುಟ್ಟಿ ತಾ."

ಹುಡುಗಿ ತಂದಳು. ದೊಡ್ಡಮ್ಮ ಬಟ್ಟೆ ಕಿತ್ತೆಸೆದು, ಸ್ವೆಟರನ್ನು ಒಳ್ಳೆ ಸೀರೆಯ ಮೇಲೆ ಹರವಿ, ಕಡ್ಡಿ ಹಿಡಿದಳು. ಬಲಗೈಯ ಆ ಎರಡು ಬೆರಳನ್ನು ಎಡಗೈಯಿಂದ ಹಿಡಿದು, ಮಗುವನ್ನು ಕೂರಿಸುವ ಹಾಗೆ, ಕಡ್ಡಿಯ ಮೇಲೆ ಕೂರಿಸಿದಳು.

"ಎದುರಿಗೆ ಕೂತ್ಕೋ. ಮುಟ್ಟಬೇಡ. ನೋಡು."

ಹುಡುಗಿ ನೆಲದ ಮೇಲೆ ಕೂತಳು. ಮೊದಲ ಕುಣಿಕೆ ಏರಿತು. ಎರಡನೆಯದು, ಮೂರನೆಯದು. ದೊಡ್ಡಮ್ಮನ ತುಟಿ ಒಳಗೆ ಸೆಳೆದುಕೊಂಡಿತ್ತು. ಹಿಂದೆಲ್ಲ ಜನರ ಮುಖ ನೋಡಿಕೊಂಡು ಹೆಣೆಯುತ್ತಿದ್ದವಳು ಈಗ ಕಡ್ಡಿಯ ತುದಿ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ಐದನೆಯ ಕುಣಿಕೆಯಲ್ಲಿ ದಾರ ಸಿಗಿಯಿತು. ದೊಡ್ಡಮ್ಮ ಮುಂದೆ ಹೋದಳು. ಹುಡುಗಿಯ ಕೈ ತಾನಾಗಿಯೇ ಮುಂದಕ್ಕೆ ಬಂತು.

"ಕೈ ಹಿಂದಕ್ಕೆ" ಎಂದಳು ದೊಡ್ಡಮ್ಮ, ತಲೆ ಎತ್ತದೆ.

ಹುಡುಗಿ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕೂತಳು. ಎದುರಿಗೆ ಒಂದು ಕುಣಿಕೆ ಕಡ್ಡಿಯ ತುದಿಯವರೆಗೂ ಬಂದು, ಜಾರಿ, ಕೆಳಗೆ ಇಳಿಯಿತು. ಅವಳ ಕಾಲ ಹೆಬ್ಬೆರಳು ನೆಲವನ್ನು ಒತ್ತಿತು. ನರ್ಸಮ್ಮ ಬಾಗಿಲಿಗೆ ಒರಗಿ ನಿಂತಿದ್ದವಳು ನೋಡಲಾರದೆ ಬೀದಿಯ ಕಡೆ ತಿರುಗಿದಳು. ಅರವತ್ತು ಕುಣಿಕೆಯ ಸಾಲು ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಎರಡು ಬಸ್ಸು ಹೋದವು.

ದೊಡ್ಡಮ್ಮ ಕೊನೆಯ ಕುಣಿಕೆ ಎಳೆದು, ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡಳು.

"ಎಷ್ಟು?"

ಹುಡುಗಿ ಆ ಮುಖ ನೋಡಿದಳು. ಒಂದು ಎನ್ನಬಹುದಿತ್ತು. ಎರಡು ಎಂದರೂ ನಡೆಯುತ್ತಿತ್ತು.

"ಮೂರು" ಎಂದಳು.

"ಎರಡು. ಐದನೇದು, ಇಪ್ಪತ್ತಾರನೇದು."

"ನಲವತ್ತನೇದು ಉಲ್ಟಾ ಆಗಬೇಕಿತ್ತು."

ದೊಡ್ಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸಾಲನ್ನು ಕಣ್ಣಿನ ಹತ್ತಿರ ಎತ್ತಿ, ಒಂದೊಂದನ್ನೇ ಉಗುರಿನಿಂದ ಸರಿಸುತ್ತಾ ಎಣಿಸಿದಳು. ನಲವತ್ತರ ಹತ್ತಿರ ಉಗುರು ನಿಂತಿತು.

"ಹೂಂ" ಎಂದಳು. "ಮೂರು."

ಕಡ್ಡಿಯಿಂದ ಕಡ್ಡಿಗೆ ಕೈ ಬದಲಾಯಿಸಿ, ಸ್ವೆಟರನ್ನು ಆ ಕಡೆ ತಿರುಗಿಸಿ, ಮರಗಟ್ಟಿದ ಬೆರಳುಗಳನ್ನು ಮತ್ತೆ ಅವುಗಳ ಜಾಗದಲ್ಲಿ ಕೂರಿಸಿ, ದೊಡ್ಡಮ್ಮ ಆ ಮೂರನ್ನೂ ಬಿಚ್ಚದೆ ಮುಂದಿನ ಸಾಲು ಶುರುಮಾಡಿದಳು.